ದೀಪವಿಲ್ಲದೆ ಕಣಕ್ಕಿಳಿದ ಕಟ್ಟಾಳು

ಕಪ್ಪತಗುಡ್ಡದ ಬಯಲು,
ಕ್ರಿಸ್ತಶಕ ೨೨೦೭, ಹದಿಮೂರನೆಯ ತಿಂಗಳ ನಾಲ್ಕು

ಶಾಲೆಯಲ್ಲಿ ರೋಬೋಟ್ ಕಟ್ಟುತ್ತಿರುವ ಮಕ್ಕಳ ಮನೆಯ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು. ಅದಕ್ಕೆ ಕ್ಷಮೆಯಿರಲಿ; ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ನಾನು ಕಸ್ತೂರೆವ್ವ, ಹೈಸ್ಕೂಲಿನವರೆಗೆ ಓದಿದವಳು, ನಮ್ಮ ಓಣಿಗೆ ಹಿರಿಯಳು. ಬರೆಯುತ್ತಿರುವುದು ಮೊಮ್ಮಗಳು ಇಂದುಧರಿಯ ಸಂಗತಿ.

ನಮ್ಮ ಓಣಿಗಳ ಮೇಲೆಲ್ಲ ಬಿಸಿಲುಚಪ್ಪರ ಹೊದಿಸಿದೆ. ಅದು ಬಿಸಿಲು ಕುಡಿದು ಕರೆಂಟು ಕೊಡುವ ಬಟ್ಟೆ. ಅದರ ಅಂಚು ಪ್ರತಿ ಬಾಗಿಲಿಗೂ ಇಳಿಬಿದ್ದಿರುತ್ತದೆ. ತೊಟ್ಟಿಲಿನ ಬೀಸಣಿಗೆ, ಅಂಗಡಿಯ ತಕ್ಕಡಿ, ಜಡೆಗೆ ಮುಡಿಯುವ ಮಿಣುಕುಹೂವು, ಎಲ್ಲವನ್ನೂ ಬೇಕಾದಲ್ಲಿ ಕೊಕ್ಕೆ ಹಾಕಿ ಸಿಗಿಸುತ್ತೇವೆ. ಒಂದು ದೀಪದ ಬಾಲಕ್ಕೆ ಇನ್ನೊಂದು ದೀಪ ಸಿಗಿಸುವುದು ನಮ್ಮ ಹೆಂಗಸರಿಗೆ ಹೂ ಕಟ್ಟಿದಷ್ಟು ಸಲೀಸು. ಚಪ್ಪರದ ಕರೆಂಟು ಬಡಪಾಯಿ. ಹೆಚ್ಚು ಕೇಳಿದರೆ ಮಂಕಾಗುತ್ತದೆ, ಯಾರನ್ನೂ ಸುಡುವುದಿಲ್ಲ.

ನಿಮ್ಮ ರೋಬೋಟನ್ನು ನಾವು ಕಟ್ಟಾಳು ಎನ್ನುತ್ತೇವೆ. ವರ್ಷಕ್ಕೊಮ್ಮೆ ಶಾಲೆಗಳ ಕಟ್ಟಾಳುಗಳಿಗೆ ಜೋಳದ ಚೀಲಗಳನ್ನು ಅಟ್ಟಕ್ಕೇರಿಸುವ ಪಂದ್ಯವಿರುತ್ತದೆ. ಕಣಕ್ಕಿಳಿಯುವ ಮುಂಚೆ ಪ್ರತಿ ಮನೆಯ ಹಿರಿಯಳು ಅದಕ್ಕೊಂದು ದೀಪ ತೊಡಿಸುವುದು ವಾಡಿಕೆ. ಈ ಸಲ ತಂಡದ ಮುಂದಾಳು ಇಂದುಧರಿ. ದೀಪಗಳಿಗೆಂದೇ ಅವಳು ಬೇರೆ ತಂತಿ ಎಳೆದು, ಅದಕ್ಕೊಂದು ಸುಡುಗಾವಲು ಇಟ್ಟಿದ್ದಳು. ಸುಡುಗಾವಲೆಂದರೆ ನಿಮ್ಮ ಫ್ಯೂಸು. ತಂತಿ ಬಿಸಿಯೇರುವ ಮೊದಲೇ ತಾನು ಸುಟ್ಟು ಉಳಿದದ್ದನ್ನು ಉಳಿಸುವಂಥದ್ದು. ಆ ತಂತಿಯಲ್ಲಿ ಅರ್ಧ ಓಣಿಯ ದೀಪಗಳಿಗಷ್ಟೇ ಜಾಗ. ಉಳಿದವರು ಸುಮ್ಮನಿರುತ್ತಾರೆಯೇ? ನೆರೆಮನೆಯ ತೋಟವ್ವ ತನ್ನ ದೀಪವನ್ನು ನೇರವಾಗಿ ಬ್ಯಾಟರಿಯ ಕೊಂಡಿಗೇ ಸಿಗಿಸಿದಳು. ಝಗ್ಗೆಂದು ಹೊತ್ತಿತು. ಅದರ ಬಾಲಕ್ಕೆ ಮತ್ತೊಬ್ಬಳು, ಅವಳದರ ಬಾಲಕ್ಕೆ ಇನ್ನೊಬ್ಬಳು. ಎಲ್ಲದರ ಹೊರೆಯೂ ನೂಲಿನಂಥ ಆ ಮೊದಲ ತಂತಿಯ ಮೇಲೆ ಬಿತ್ತು, ನಡುವೆ ಸುಡುಗಾವಲೂ ಇಲ್ಲ.

ಅಷ್ಟರಲ್ಲಿ ನಮ್ಮ ಶಾಲೆಯ ಹೆಸರು ಕೂಗಿದರು. ಆಗಲೇ ಹೋಗದಿದ್ದರೆ ಸರದಿ ಮುಂದಿನವರಿಗೆ, ನಮಗೆ ಕೊನೆಯಲ್ಲಿ ಉಳಿದ ಅರೆಹೊತ್ತು ಮಾತ್ರ. ಮಕ್ಕಳ ವರ್ಷದ ದುಡಿಮೆ ಅದರ ಮೇಲೆ ನಿಂತಿತ್ತು. ಇಂದುಧರಿ ತಂತಿ ಮುಟ್ಟಿದಳು, ಬಿಸಿ ತಾಗಿ ಕೈ ಹಿಂತೆಗೆದಳು, ಬ್ಯಾಟರಿಯನ್ನೇ ಬಿಚ್ಚಿಟ್ಟಳು.

ತೋಟವ್ವನಿಗೆ ಸಿಟ್ಟು ಬಂತು. "ಒಂದು ದೀಪಕ್ಕ ಇಷ್ಟ್ಯಾಕ ಮೀಸಿ ತಿರುವತಿ, ಹುಡುಗಿ? ಚಪ್ಪರಕ್ಕ ನೂರು ಹಚ್ತೀವಿ."

"ಚಪ್ಪರ ಕೊಡೂದು ಹನಿಹನಿ, ದೊಡ್ಡವ್ವ. ಬ್ಯಾಟರಿ ಕೇಳಿದಷ್ಟೂ ಕೊಡ್ತೈತಿ, ತಂತಿ ಸುಡೂತನಕ."

ಹಿರಿಯಳ ದೀಪವನ್ನಾದರೂ ಹಚ್ಚಲಿ ಎಂದು ಹೆಂಗಸರು ನನ್ನತ್ತ ನೋಡಿದರು. ಕಟ್ಟಾಳಿನ ನೆತ್ತಿಯ ದೀಪ ನನ್ನದೇ, ಅದೂ ತೋಟವ್ವನ ದೀಪದ ಸಾಲಿನಲ್ಲೇ ಇತ್ತು. ಇಂದುಧರಿ ತಲೆಯೆತ್ತಿ ಹೇಳಿದಳು: "ಅಜ್ಜಿ, ನಿಮ್ಮದೂ ಬ್ಯಾಡ."

ನನಗೆ ಬೇಡ ಎಂದವರು ಆ ಓಣಿಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವಳು ನನ್ನ ದೀಪದ ಕೊಕ್ಕೆಗೆ ಕೈ ಹಾಕಿದಳು. "ಆಕಿ ಬ್ಯಾಡ ಅಂದ್ಲಲ್ಲ, ಬಿಚ್ಚರಿ" ಎಂದೆ.

ನನ್ನದೇ ಇಲ್ಲವೆಂದ ಮೇಲೆ ತಮ್ಮದೇಕೆಂದು, ಸುಡುಗಾವಲಿದ್ದ ತಂತಿಯ ದೀಪಗಳನ್ನೂ ಹೆಂಗಸರು ಬಿಚ್ಚಿಕೊಂಡರು. ಸರದಿ ಹೋಯಿತು. ಕೊನೆಯ ಅರೆಹೊತ್ತಿನಲ್ಲಿ ನಮ್ಮ ಕಟ್ಟಾಳು ಒಂದೂ ದೀಪವಿಲ್ಲದೆ ಕಣಕ್ಕಿಳಿಯಿತು. ಯಾರೋ ವಿಧವೆ ಕಟ್ಟಾಳು ಎಂದು ನಕ್ಕರು. ನಾನು ವಿಧವೆಯೇ, ತಿರುಗಿ ನೋಡಿದೆ, ನಗು ನಿಂತಿತು. ಭಾರದ ಚೀಲ ಎತ್ತುವಾಗ ಮೋಟರು ಬ್ಯಾಟರಿಯನ್ನು ಹೀರಿ, ಎಷ್ಟೋ ಕಟ್ಟಾಳುಗಳ ಕ್ಯಾಮೆರಾ ಕಣ್ಣುಮುಚ್ಚುತ್ತದೆ. ನಮ್ಮದಕ್ಕೆ ಇಂದುಧರಿ ಇಳಿಗಟ್ಟೆ ಇಟ್ಟಿದ್ದಳು. ಬ್ಯಾಟರಿ ಏರಿಳಿದರೂ ಕ್ಯಾಮೆರಾಕ್ಕೆ ಬೇಕಾದ ಐದು ವೋಲ್ಟನ್ನೇ ಒಂದೇ ಸಮ ಕೊಡುವ ಪುಟ್ಟ ಪೆಟ್ಟಿಗೆ ಅದು. ಎಲ್ಲಕ್ಕಿಂತ ಭಾರದ ಚೀಲ ಅಟ್ಟ ಸೇರಿತು. ಹೊತ್ತು ಸಾಲದೆ ನಾವು ಎರಡನೆಯವರಾದೆವು. ಗೆದ್ದ ತಂಡದ ಮಕ್ಕಳು ಬಂದು ನಮ್ಮ ಕಟ್ಟಾಳಿನ ಹೊಟ್ಟೆ ತೆರೆಸಿ ತಂತಿಗಳನ್ನು ನೋಡಿಕೊಂಡು ಹೋದರು. ಅವರಿಗೆ ತೋರಿಸುತ್ತ ನಿಂತಿದ್ದ ನನ್ನ ಮೊಮ್ಮಗಳನ್ನು ನೀವು ನೋಡಬೇಕಿತ್ತು.

ಈಗ ನನ್ನ ಬೇಡಿಕೆ. ನಿಮ್ಮ ಮಕ್ಕಳು ಬ್ಯಾಟರಿ ಬಿಚ್ಚಿಟ್ಟು ಒಂದೊಂದು ಉಪಕರಣಕ್ಕೂ ತಕ್ಕ ತಂತಿ, ತಕ್ಕ ಫ್ಯೂಸು ಹುಡುಕುತ್ತ ಕೂತಾಗ, ಬೇಗ ಮಾಡು ಎನ್ನಬೇಡಿ. ಸರದಿ ಹೋದರೆ ಹೋಗಲಿ. ನಿಮ್ಮ ಕಾಲದಲ್ಲಿ ನಮ್ಮ ಓಣಿ ಇನ್ನೂ ಹುಟ್ಟಿಲ್ಲ. ಅದನ್ನು ಕಟ್ಟಬೇಕಾದವು ಆ ಮಕ್ಕಳ ಕೈಗಳೇ. ಅವು ಸುಡಬಾರದು.

ನಿಮಗಿಂತ ತೀರಾ ಕಿರಿಯಳಾದ, ಆದರೂ ಹಿರಿಯಳಾದ,
ಕಸ್ತೂರೆವ್ವ