ಹೂಂ ಅನ್ನದವರ ಹೆಸರು

ನಾರ್ವೆ, ಕೊಪ್ಪ ತಾಲ್ಲೂಕು
9-11-2025

ಪ್ರೀತಿಯ ಕಮಲಳಿಗೆ ನಿನ್ನ ಅತ್ತಿಗೆ ಸೀತೆ ಮಾಡುವ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನಣ್ಣ ತೀರಿಹೋಗಿ ಹನ್ನೊಂದು ತಿಂಗಳಾಯಿತು, ನಾನು ನಿನಗೆ ಒಂದು ಸಾಲೂ ಬರೆಯಲಿಲ್ಲ. ನಿಮ್ಮ ಬಾಳೆಹೊನ್ನೂರಿಗೆ ಬಸ್ಸಿಗೇನು ಬರವೇ? ತಪ್ಪು ನನ್ನದೇ, ಬೈದುಬಿಡು. ಬೈದಾದ ಮೇಲೆ ಈ ಸುದ್ದಿ ಕೇಳು. ಮೂರು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಮ್ಮ ಸಂಘದ ಸಭೆಗೆ ಕೊಪ್ಪದಿಂದ ವಕೀಲರು ಪ್ರಸನ್ನಕುಮಾರ್ ಬಂದಿದ್ದರು. ನಾವು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಬಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಈಗಲೇ ಬರೆಸಿ ನೋಟರಿ ಮಾಡಿಸಿಡಬಹುದಂತೆ. ಕೂಲಿಯವರಿಗೂ ಆಗುತ್ತದಾ ಎಂದು ಕೇಳಿದೆ. "ಪ್ರಜ್ಞೆ ತಪ್ಪೋದ್ರಲ್ಲಿ ಸಾಹುಕಾರ, ಕೂಲಿ ಅಂತ ಉಂಟಾ ಸೀತಕ್ಕ?" ಎಂದರು. ಎಲ್ಲರೂ ನಕ್ಕರು. ನಾನು ಅಲ್ಲೇ ಕೂತು ತೀರ್ಮಾನ ಮಾಡಿಬಿಟ್ಟೆ.

ಆದರೆ ಯಾರ ಹೆಸರು? ಅಡಿಕೆ ಸುಲಿಯುವಾಗ ನಾನು ಕತೆ ಹೇಳುವುದು ನಿನಗೆ ಗೊತ್ತಲ್ಲ. ಕೇಳುವವರು ಹೂಂಗುಟ್ಟುತ್ತಿರಬೇಕು. ಅವರ ಕಿವಿ ಇಲ್ಲೇ ಇದೆಯೋ ನೋಡೋಣ ಎಂದು ನಡುವೆ ಒಂದು ಸುಳ್ಳು ತುರುಕುತ್ತೇನೆ. ಮನೆಯಲ್ಲೂ ಅದೇ ಪರೀಕ್ಷೆ ಇಟ್ಟೆ. "ರಾಜ ಪಟ್ಟದಾನೇನ ಜೇಬಿಗೆ ಹಾಕ್ಕೊಂಡು ಹೊರಟ" ಎಂದೆ. ಮಗ ಪ್ರಶಾಂತ ಮೊಬೈಲ್ ನೋಡುತ್ತಲೇ "ಹೂಂ" ಎಂದ. ಸೊಸೆ ಪವಿತ್ರಾ ಸೊಪ್ಪು ಸೋಸುವುದನ್ನು ನಿಲ್ಲಿಸಿ, "ಅದೆಂತ ಜೇಬು ಅತ್ತೆ? ಹೊಲಿದ ದರ್ಜಿ ಯಾರು?" ಎಂದಳು.

ಅವಳ ಹೆಸರನ್ನೇ ಬರೆಸಿದೆ. ಪ್ರಶಾಂತನ ಮುಖ ಊದಿತು. "ಹೆತ್ತ ಮಗ ನಾನಿಲ್ವಾ?" ಎಂದ.

"ಇದ್ದೀಯ ಮಾರಾಯ, ಆದ್ರೆ ಆನೆ ಇನ್ನೂ ನಿನ್ನ ಜೇಬಲ್ಲೇ ಉಂಟು" ಎಂದೆ. ಅವನೂ ನಕ್ಕುಬಿಟ್ಟ.

ಇಬ್ಬರ ಹೆಸರು ಬೇಕು ಎನ್ನುತ್ತಾರೆ ವಕೀಲರು. ಎರಡನೆಯ ಸಾಲು ಇನ್ನೂ ಖಾಲಿ ಇದೆ. ಎಷ್ಟು ಕತೆ ಹೇಳಿದರೂ ನಿನ್ನನ್ನು ಒಮ್ಮೆಯೂ ಯಾಮಾರಿಸಲು ನನ್ನಿಂದಾಗಿಲ್ಲ. ಇದೇ 21, ಶುಕ್ರವಾರ, ಹತ್ತು ಗಂಟೆಗೆ ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಆಧಾರ್ ಕಾರ್ಡ್ ಮರೆಯಬೇಡ. ನಿನ್ನ ಮಗಳು ಜ್ಯೋತ್ಸ್ನಾಳ ಹೊಟ್ಟೆ ತಣ್ಣಗಿರಲಿ, ನಿಮ್ಮ ಒಲೆ ಆರದಿರಲಿ.

ನಿನ್ನ ಅತ್ತಿಗೆ,
ಸೀತೆ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಆಸ್ಪತ್ರೆಗೆ ಹೊರಡುವ ಮುಂಚೆ ನಿನ್ನಣ್ಣ, "ಮಾತು ನಿಂತ್ರೆ ಮಿಷನ್‌ಗೆ ಹಾಕಿಸ್ಬೇಡ, ಮನೆಗೆ ಕರ್ಕೊಂಡು ಬಾ" ಎಂದಿದ್ದರು. ಡಾಕ್ಟರು ಕೇಳಿದ್ದಕ್ಕೆಲ್ಲ ನಾನು ಹೂಂ ಎಂದೆ. ಹತ್ತೊಂಬತ್ತು ದಿನ ಹೂಂ ಎಂದೆ. ಅಣ್ಣ ಏನಾದರೂ ಹೇಳಿದ್ದನಾ ಎಂದು ನೀನು ಕೇಳಿದಾಗ, ಇಲ್ಲ ಎಂದೆ. ಫೋನಿನಲ್ಲಿ ಹೇಳುವ ಧೈರ್ಯವಿಲ್ಲ, ಅದಕ್ಕೇ ಈ ಕಾಗದ. ಓದಿದ ಮೇಲೂ ಬರುವ ಮನಸ್ಸಾದರೆ ಬಾ. ಹತ್ತರ ಬಸ್ಸಿನಲ್ಲಿ ನೀನು ಇಳಿಯದಿದ್ದರೆ ಹನ್ನೊಂದರದನ್ನೂ ನೋಡಿಕೊಂಡೇ ಹೋಗುತ್ತೇನೆ.