ಕೊನೆಯ ಹದಿನಾರು ಪುಟ

ಫೆಬ್ರವರಿ 6, ಗುರುವಾರ

ಎರಡು ನಿಘಂಟು, ಒಂದು ಅಡುಗೆ ಪುಸ್ತಕ ಹೊಲಿದು ಮುಗಿಸಿದೆ. ಅಂಟು ಗಟ್ಟಿಯಾಗಿತ್ತು. ಬಿಸಿನೀರು ಹಾಕಿ ಕಲಸಿ ಇಟ್ಟು, ಒಂದು ಗಂಟೆಗೆ ಕೈ ತೊಳೆದು ಮೇಲಿನ ಕೋಣೆಗೆ ಹೋದೆ. ಗುರುವಾರದ ಊಟದ ಬಿಡುವಿನಲ್ಲಿ ಲೈಬ್ರರಿಯ ಆ ಕೋಣೆ ನಮ್ಮದು. ಡಬ್ಬಿ ಬಿಚ್ಚಿಕೊಂಡು, ಸದ್ಯ ಏನು ಓದುತ್ತಿದ್ದೇವೆ ಎಂದು ಒಬ್ಬೊಬ್ಬರೂ ಹೇಳುವುದು. ಕ್ಯಾಟಲಾಗ್ ವಿಭಾಗದ ಅಕ್ಕ, ಲೈನ್‌ಮನ್, ರಿಟೈರ್ ಆದ ಗಣಿತದ ಮೇಷ್ಟ್ರು, ಬೈಂಡಿಂಗ್ ಮಾಡುವ ನಾನು. ಈಗ ಐದನೆಯವಳೂ ಇದ್ದಾಳೆ. ಎದುರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ನಾವು ಕರೆಯುವುದೂ ಎಕ್ಸ್‌ರೇ ಅಂತಲೇ. ಬರತೊಡಗಿ ಆರು ವಾರ.

ಮೇಷ್ಟ್ರದ್ದು ನಾಲ್ಕು ತಿಂಗಳಿಂದ ಅದೇ ಪ್ರವಾಸ ಕಥನ. ಹಡಗು ಇನ್ನೂ ದಡ ಬಿಟ್ಟಿಲ್ಲ. ಲೈನ್‌ಮನ್ ಕಂಬ ಹತ್ತುವ ಮೊದಲು ಒಂದು ಪದ್ಯ ಓದಿಕೊಳ್ಳುತ್ತಾನಂತೆ, ಇಳಿಯುವಷ್ಟರಲ್ಲಿ ಅರ್ಥವಾಗಿರುತ್ತದಂತೆ. ಎಕ್ಸ್‌ರೇ ಮಾತ್ರ ಅಕ್ಕ ಕೊಟ್ಟಿದ್ದ ಕಥಾಸಂಕಲನ ಅರ್ಧಕ್ಕರ್ಧ ಸುಳ್ಳು ಅಂದುಬಿಟ್ಟಳು. ಅಕ್ಕನ ಮುಖದೆದುರೇ. ಅಕ್ಕನಿಗೆ ಸಿಟ್ಟು ಬರಲಿಲ್ಲ. ಕುರ್ಚಿಯನ್ನೇ ಅವಳ ಕಡೆ ತಿರುಗಿಸಿಕೊಂಡು ವಾದಕ್ಕೆ ಕೂತರು.

ನನ್ನ ಸರದಿ ಬರುವಷ್ಟರಲ್ಲಿ ಎರಡು ಗಂಟೆ ಆಗಿತ್ತು. ಮುಂದಿನ ವಾರ ಹೇಳು ಅಂದರು.

ಫೆಬ್ರವರಿ 10, ಬೆಳಿಗ್ಗೆ

ಅಕ್ಕ ಕೆಳಗೆ ಬಂದಿದ್ದರು. ಕೈಯಲ್ಲಿ ಹೊಸ ಕಾದಂಬರಿ, ಹೊಲಿಗೆ ಬಿಟ್ಟಿತ್ತು. ಶನಿವಾರ, ಭಾನುವಾರ ಕೂತು ಮುಗಿಸಿದರಂತೆ. ಕಣ್ಣು ಕೆಂಪಾಗಿತ್ತು. ಹನ್ನೊಂದು ವರ್ಷದಿಂದ ನಡೆದುಬಂದದ್ದು ಇದೇ — ಅಕ್ಕ ಓದಿದ್ದು ಮೊದಲು ನನ್ನ ಕೈಗೆ, ಆಮೇಲೆ ಕಪಾಟಿಗೆ. ನಾನು ಕೈ ಚಾಚಿದೆ.

"ಗಟ್ಟಿಯಾಗಿ ಹೊಲಿದು ಎಕ್ಸ್‌ರೇಗೆ ಕೊಟ್ಟುಬಿಡು. ಅವಳು ಏನಂತಾಳೋ ಕೇಳ್ಬೇಕು ನಂಗೆ."

ಆಗಲಿ ಅಂದೆ. ನಕ್ಕೆ ಕೂಡ. ಅವರು ಮೆಟ್ಟಿಲು ಹತ್ತಿದ ಮೇಲೆ ಬೆರಳಿಗೆ ಸೂಜಿ ಚುಚ್ಚಿಕೊಂಡೆ.

ಫೆಬ್ರವರಿ 12

ಹೊಲಿಯುವ ಮೊದಲು ನಾನೂ ಓದಿದೆ, ಕದ್ದು. ಎರಡು ಮಧ್ಯಾಹ್ನ, ಊಟ ಬಿಟ್ಟು. ಅಕ್ಕತಂಗಿ, ಒಂದೇ ಮನೆ, ನಡುವೆ ಎಬ್ಬಿಸಿದ ಗೋಡೆ. ಮೂವತ್ತು ವರ್ಷ ಮಾತಿಲ್ಲ. ಕೊನೆಯಲ್ಲಿ ತಂಗಿ ಸಾಯುತ್ತಾಳೆ, ಅಕ್ಕ ಆಳುಗಳನ್ನು ಕರೆಸಿ ಗೋಡೆ ಒಡೆಸುತ್ತಾಳೆ. ಓದಿ ಅತ್ತುಬಿಟ್ಟೆ. ನಮ್ಮ ಅಕ್ಕನಿಗೂ ಅಲ್ಲೇ ಅಳು ಬಂದಿರಬೇಕು. ಇನ್ನು ಅದರ ಬಗ್ಗೆ ಅಕ್ಕ, ಎಕ್ಸ್‌ರೇ ಇಬ್ಬರೂ ಮಾತಾಡುತ್ತಾರೆ, ನಾನು ಡಬ್ಬಿ ತೊಳೆಯುತ್ತೇನೆ.

ಗಂಡ ಕೇಳಿದ, ಮುಖ ಯಾಕೆ ಹೀಗೆ ಅಂತ. ಹೇಳಿದೆ. ಬೇಕರಿ ವ್ಯಾನಿನ ಕೀಲಿ ತಿರುಗಿಸುತ್ತ ಅಂದ: "ನನ್ನ ವಿಷ್ಯದಲ್ಲಿ ಒಂದಿನ ಇಷ್ಟು ಹೊಟ್ಟೆಕಿಚ್ಚು ಪಟ್ಟಿದ್ರೆ ನಾನು ಧನ್ಯ ಆಗ್ತಿದ್ದೆ ಕಣೇ."

ನಗು ಬರಲಿಲ್ಲ.

ಫೆಬ್ರವರಿ 13, ಗುರುವಾರ, ರಾತ್ರಿ 11 ಗಂಟೆ

ಬರೆದಿಡುತ್ತೇನೆ. ಇಲ್ಲಾದರೂ ಸುಳ್ಳು ಬೇಡ.

ಪುಸ್ತಕವೆಂದರೆ ಹದಿನಾರು ಹದಿನಾರು ಪುಟದ ಕಟ್ಟುಗಳು. ಫಾರಂ ಅನ್ನುತ್ತೇವೆ. ಒಂದರ ಮೇಲೊಂದಿಟ್ಟು ಹೊಲಿಯುವುದು. ಇವತ್ತು ಕೊನೆಯ ಫಾರಂ ಇಡಲಿಲ್ಲ. ಅಷ್ಟೇ ಮಾಡಿದ್ದು. ಹಿಂದಿನ ಪುಟದಲ್ಲಿ ವಾಕ್ಯ ಮುಗಿದಿತ್ತು, ಅದರ ಮೇಲೆ ಬಿಳಿ ಹಾಳೆ ಅಂಟಿಸಿ ರಟ್ಟು ಕಟ್ಟಿದೆ. ಹದಿನಾರು ಪುಟ ನನ್ನ ಡ್ರಾಯರಿನಲ್ಲಿ, ಮೇಣದ ಉಂಡೆಯ ಕೆಳಗೆ.

ಮಧ್ಯಾಹ್ನ ಒಂದು ಗಂಟೆಗೆ ಎಕ್ಸ್‌ರೇ ಕೈಗೆ ಕೊಟ್ಟೆ. "ಎಷ್ಟ್ ಚೆನ್ನಾಗಿ ಹೊಲಿದಿದ್ದೀರ" ಅಂದಳು.

ಇವತ್ತೂ ನನ್ನ ಸರದಿ ಬರಲಿಲ್ಲ. ಬಂದಿದ್ದರೂ ಹೇಳಲು ಏನಿತ್ತು…

ಫೆಬ್ರವರಿ 20, ಗುರುವಾರ, ಮಧ್ಯಾಹ್ನ 2.30

ದಾರ ಪೋಣಿಸಲಾಗದೆ ಈ ಡೈರಿ ಹಿಡಿದು ಕೂತೆ.

ಕೊನೆ ಇಲ್ಲದ ಪುಸ್ತಕ ಅಂತ ಅವಳು ಗೊಣಗುತ್ತಾಳೆ, ಅಕ್ಕನ ಜೊತೆ ಕೊನೆಯ ಬಗ್ಗೆ ಮಾತಾಡಬಲ್ಲವಳು ನಾನೊಬ್ಬಳೇ ಆಗುತ್ತೇನೆ ಅಂದುಕೊಂಡಿದ್ದೆ. ಎಲ್ಲರೂ ಕೂತ ಮೇಲೆ ಅಕ್ಕ ನೇರವಾಗಿ ಅದನ್ನೇ ಕೇಳಿದರು. ಕೊನೆ ಹೇಗನ್ನಿಸಿತು?

ಎಕ್ಸ್‌ರೇ ಚಮಚ ಕೆಳಗಿಟ್ಟಳು. ಒಮ್ಮೆ ಕಿಟಕಿ ನೋಡಿದಳು. ಆಮೇಲೆ ಹೇಳತೊಡಗಿದಳು, ನಿಧಾನಕ್ಕೆ. ಗೋಡೆ ಹಾಗೇ ಇರುತ್ತದೆ. ಇಬ್ಬರೂ ಬದುಕಿರುತ್ತಾರೆ. ಒಂದು ಬೆಳಿಗ್ಗೆ ಕಥೆಯ ಅಕ್ಕ ಒಲೆ ಹಚ್ಚಲು ಹೋದಾಗ ಗೋಡೆಯಾಚೆ ಪಾತ್ರೆಯ ಸದ್ದು ಕೇಳುವುದಿಲ್ಲ. ಕಾಯುತ್ತಾಳೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಬೆರಳು ಮಡಿಸಿ ಗೋಡೆಗೆ ಬಡಿಯುತ್ತಾಳೆ. ಏನೂ ಇಲ್ಲ. ಮತ್ತೆ ಬಡಿಯುತ್ತಾಳೆ. ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ಒಂದು ಬಡಿತ. ಅವಳು ಒಲೆ ಹಚ್ಚುತ್ತಾಳೆ. ಮುಗಿಯಿತು.

ಲೈನ್‌ಮನ್ ತಲೆ ಬಗ್ಗಿಸಿಕೊಂಡ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ನಾನೂ ಅವಳ ಬಾಯನ್ನೇ ನೋಡುತ್ತ ಕೂತಿದ್ದೆ, ಅದೇ ನನ್ನ ಹಣೆಬರಹ. ಬರೆದವರಿಗೆ ಹೊಳೆಯದ್ದು ಇವಳಿಗೆ ಹೊಳೆದಿದೆ. ಡ್ರಾಯರಿನಲ್ಲಿರುವ ಹದಿನಾರು ಪುಟ ಇದರ ಮುಂದೆ ಸಪ್ಪೆ. ದಾರಿ ಮಾಡಿಕೊಟ್ಟವಳು ನಾನೇ.

ಅಕ್ಕ ಪುಸ್ತಕ ಓದಿದವರು. ಹಾಗಲ್ಲ ಅನ್ನಲಿಲ್ಲ. ಪುಸ್ತಕ ತೆಗೆದುಕೊಂಡು ಹಿಂಬದಿ ತೆರೆದು ನೋಡಿದರು, ಮುಚ್ಚಿದರು. ಆಮೇಲೆ ನನ್ನನ್ನು ನೋಡಿದರು.

ಫೆಬ್ರವರಿ 21, 10.15

ಎಕ್ಸ್‌ರೇ ಬಂದಿದ್ದಳು, ಡ್ಯೂಟಿ ಕೋಟಿನಲ್ಲೇ. ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕೂತಳು. ಜಗಳಕ್ಕೇ ಬಂದಳು ಅಂದುಕೊಂಡೆ. ಅವಳು ಕ್ಷಮೆ ಕೇಳಲು ಬಂದಿದ್ದಳು. ಕೊನೆಯ ಪುಟಗಳು ಇರಲೇ ಇಲ್ಲವಂತೆ. ತಾನೇ ಎಲ್ಲೋ ಬಸ್ಸಿನಲ್ಲಿ ಬೀಳಿಸಿಕೊಂಡೆ ಅಂತ ಮೂರು ದಿನ ಚೀಲವೆಲ್ಲ ತಡಕಾಡಿದಳಂತೆ. ಅಕ್ಕ ಎಲ್ಲರೆದುರು ಕೇಳಿದಾಗ ಹೆದರಿಕೆಗೆ ಬಾಯಿಗೆ ಬಂದದ್ದು ಹೇಳಿದಳಂತೆ.

"ನೀವು ಅಷ್ಟು ನೀಟಾಗಿ ಹೊಲಿದುಕೊಟ್ರಿ. ನಾನು ಹಾಳ್ ಮಾಡ್ಬಿಟ್ಟೆ. ಎರಡನೇ ಪ್ರತಿ ಎಲ್ಲಾದ್ರೂ ಸಿಗುತ್ತಾ?"

ಡ್ರಾಯರ್ ಎಳೆದು, ಆ ಫಾರಂ ತೆಗೆದು ಅವಳ ಮುಂದೆ ಇಟ್ಟೆ.

ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮುಖ ಕೆಂಪಾಯಿತು, ಎದ್ದು ಬಾಗಿಲವರೆಗೂ ಹೋದಳು. ತಿರುಗಿ ಬಂದಳು. ನಿಂತೇ ಹದಿನಾರು ಪುಟ ಓದಿದಳು. ನಾನು ಅಂಟಿನ ಬಟ್ಟಲು ಕಲಕುತ್ತ ಕೂತಿದ್ದೆ.

"ಇಷ್ಟೇನಾ?"

"ಇಷ್ಟೇ."

"ಸಾಯ್ಸಿಬಿಟ್ರಾ ತಂಗೀನ…" ಅಂದಳು, ಬೇಜಾರಿನಿಂದ. ಹಾಳೆ ಜೋಡಿಸಿ ಮೇಜಿನ ಮೇಲಿಟ್ಟಳು. "ಅಕ್ಕಂಗೆ ನಾನಂತೂ ಹೇಳಲ್ಲ. ಹೇಳೋದಾದ್ರೆ ನೀವೇ ಹೇಳ್ಬೇಕು."

ಅವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಫೆಬ್ರವರಿ 24

ಹೇಳಿದೆ. ಮೇಲೆ ಹೋಗಿ, ಕಾರ್ಡುಗಳ ನಡುವೆ ನಿಂತು. ಅಕ್ಕ ಪೆನ್ನಿನ ಮುಚ್ಚಳ ಹಾಕಿದರು.

"ಗೊತ್ತಿತ್ತು. ಹರಿದಿದ್ರೆ ಚೂರಾದ್ರೂ ಉಳೀತಿತ್ತು. ಇಷ್ಟು ಅಚ್ಚುಕಟ್ಟಾಗಿ ಪುಟ ಕಳೆಯೋ ಕೈ ಈ ಕಟ್ಟಡದಲ್ಲಿ ಒಂದೇ ಇರೋದು."

ಯಾಕೆ ಮಾಡಿದೆ ಅಂತ ಕೇಳಲಿಲ್ಲ. ಕೇಳದಿದ್ದದ್ದೇ ಸಹಿಸಲಾಗಲಿಲ್ಲ. ನಾನೇ ಕೇಳಿದೆ — ಹನ್ನೊಂದು ವರ್ಷ ಮೊದಲು ನನಗೆ ಕೊಡುತ್ತಿದ್ದವರು, ಈಗ ಅವಳಿಗೆ ಯಾಕೆ?

ಮುಂದಿದ್ದ ಕಾರ್ಡುಗಳನ್ನು ಒಟ್ಟುಮಾಡಿ ಇಟ್ಟರು. ಆಮೇಲೆ ಹೇಳಿದ್ದು, ಅವರ ಮಾತಿನಲ್ಲೇ:

"ನಾನು ಚೆನ್ನಾಗಿದೆ ಅಂದ್ರೆ ನೀನೂ ಚೆನ್ನಾಗಿದೆ ಅಂತೀಯ. ಚೆನ್ನಾಗಿಲ್ಲ ಅಂದ್ರೆ ಇಲ್ಲ ಅಂತೀಯ. ನನ್ನ ಧ್ವನೀನೇ ನಂಗೆ ವಾಪಸ್ ಕೇಳ್ಸುತ್ತೆ. ಒಬ್ಬಳೇ ಓದ್ದಂಗೆ ಆಗ್ತಿತ್ತು ಕಣೆ."

ಪುಸ್ತಕ ವಾಪಸ್ ಕೊಟ್ಟರು, ಸರಿಮಾಡು ಅಂದರು. ಸಂಜೆಯೊಳಗೆ ಬಿಚ್ಚಿ, ಫಾರಂ ಸೇರಿಸಿ ಹೊಲಿದೆ. ಕಪಾಟಿಗೆ ನಾನೇ ಇಟ್ಟು ಬಂದೆ.

ಮಾರ್ಚ್ 13, ಗುರುವಾರ

ಎರಡು ಗುರುವಾರ ಹೋಗಲಿಲ್ಲ. ಇವತ್ತೂ ಇಲ್ಲ. ಅಕ್ಕ ಕೆಳಗೆ ಬರುವುದನ್ನು ಬಿಟ್ಟಿದ್ದಾರೆ. ರಿಪೇರಿ ಪುಸ್ತಕಗಳು ಚೀಟಿ ಸಮೇತ ಲಿಫ್ಟಿನಲ್ಲಿ ಇಳಿಯುತ್ತವೆ. ಚೀಟಿಯಲ್ಲಿ ಪುಸ್ತಕದ ನಂಬರ್, ಸಹಿ. ಮತ್ತೇನೂ ಇಲ್ಲ.

ಒಂದೂವರೆಗೆ ಮೆಟ್ಟಿಲ ಮೇಲಿಂದ ಅಕ್ಕ, ಎಕ್ಸ್‌ರೇ ಇಬ್ಬರ ನಗು ಕೇಳಿಸಿತು. ಹೊಟ್ಟೆಯೊಳಗೆ ಅದೇ ಉರಿ. ತಪ್ಪೊಪ್ಪಿಕೊಂಡರೆ ಹೋಗುತ್ತದೆ ಅಂದವರು ಯಾರೋ.

ಮಾರ್ಚ್ 18

ರಿಪೇರಿ ರಾಶಿಯಲ್ಲಿ ಒಂದು ತೆಳ್ಳನೆಯ ಕಾದಂಬರಿ. ಹಿಂದೆ ಒಂದೂ ತಾರೀಖಿನ ಮುದ್ರೆಯಿಲ್ಲ, ಯಾರೂ ಒಯ್ದಿಲ್ಲ. ಗೆದ್ದಲು ಅಂಚು ತಿಂದಿದೆ. ಗಡಿಯಾರ ರಿಪೇರಿಯವನೊಬ್ಬನ ಕಥೆ. ಮೊದಲ ನೂರು ಪುಟ ಒಣ ಕಟ್ಟಿಗೆ. ಬಿಡೋಣ ಅಂದುಕೊಂಡೆ. ಅಕ್ಕ ಏನನ್ನುತ್ತಿದ್ದರು ಅಂತ ಯೋಚಿಸಿದೆ. ಯೋಚಿಸಿದ್ದಕ್ಕೇ ಸಿಟ್ಟು ಬಂದು ಮುಂದೆ ಓದಿದೆ.

ಮಾರ್ಚ್ 19

ಮುಗಿಯಿತು. ಊಟ ಮರೆತೇ ಹೋಗಿತ್ತು.

ಮಾರ್ಚ್ 20, ಗುರುವಾರ, 2.15

ಹೋದೆ. ನನ್ನ ಕುರ್ಚಿ ಖಾಲಿಯೇ ಇತ್ತು. ಎಕ್ಸ್‌ರೇ ಬಾಟಲಿ ಸರಿಸಿ ಡಬ್ಬಿಗೆ ಜಾಗ ಮಾಡಿದಳು. ಹದಿನಾರು ಪುಟದ ವಿಷಯ ಲೈನ್‌ಮನ್‌ಗೆ, ಮೇಷ್ಟ್ರಿಗೆ ನಾನೇ ಹೇಳಿದೆ. ಲೈನ್‌ಮನ್ ಡಬ್ಬಿ ಹತ್ತಿರ ಎಳೆದುಕೊಂಡ. ಮೇಷ್ಟ್ರು, ತಮ್ಮ ಪುಸ್ತಕದಲ್ಲಿ ಮೊದಲ ಇನ್ನೂರು ಪುಟ ತೆಗೆದುಕೊಡಲು ಆಗುತ್ತದಾ ಅಂತ ಕೇಳಿದರು.

ಆಮೇಲೆ ಗಡಿಯಾರದವನ ಬಗ್ಗೆ ಹೇಳಿದೆ. ಎರಡು ಮಾತು ಆಡುವಷ್ಟರಲ್ಲಿ ಅಕ್ಕ ತಡೆದರು. ಅದನ್ನು ಕ್ಯಾಟಲಾಗ್ ಮಾಡುವಾಗಲೇ ನೋಡಿದ್ದರಂತೆ.

"ಜೀವ ಇಲ್ಲದ ಪುಸ್ತಕ. ನಾನು ಅರ್ಧಕ್ಕೇ ಬಿಟ್ಟೆ."

ಎಲ್ಲರೂ ನನ್ನನ್ನು ನೋಡಿದರು. ಹೌದಕ್ಕ ಅನ್ನುವುದು ನಾಲಿಗೆ ತುದಿಗೇ ಬಂದಿತ್ತು, ಅಭ್ಯಾಸಬಲ.

"ಇಲ್ಲ ಅಕ್ಕ. ನೀವು ಬಿಟ್ಟಿರೋ ಅರ್ಧದಲ್ಲೇ ಇರೋದು ಜೀವ."

ಅಕ್ಕ ಹುಬ್ಬೇರಿಸಿದರು. ಅಷ್ಟರಲ್ಲಿ ಎರಡು ಗಂಟೆ. ಎದ್ದುಬಂದೆ. ಎಕ್ಸ್‌ರೇ ಮೇಲಿನ ಉರಿ ಆರಿಲ್ಲ, ಸುಳ್ಳು ಬರೆಯಲಾರೆ. ಆದರೆ ಒಂದು ಗಂಟೆಯಿಂದ ಅದು ನೆನಪಿಗೇ —

ಮೆಟ್ಟಿಲ ಮೇಲೆ ಹೆಜ್ಜೆ. ಅಕ್ಕ. ಬಾಗಿಲಲ್ಲೇ ನಿಂತಿದ್ದಾರೆ, ಕನ್ನಡಕ ಹಾಕಿಕೊಂಡು. ಗಡಿಯಾರದವನ ಪುಸ್ತಕಕ್ಕೆ ಕೈ ಚಾಚಿದ್ದಾರೆ. ಎಷ್ಟನೇ ಪುಟದಿಂದ ಅಂತ ಕೇಳುತ್ತಿದ್ದಾರೆ. ನೂರ ಹನ್ನೆರಡು ಅಂದೆ. ಅಲ್ಲ, ಅದಕ್ಕೂ ಸ್ವಲ್ಪ ಹಿಂದೆ, ಅವನು ಅಂಗಡಿ ಬಾಗಿಲು —