ಎಡಚನ ಬೇಸ್ ಗಿಟಾರು

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮ ಎಡಚನಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ನಾವು ಜಗಳವಾಡಿಕೊಂಡು, ಸಮಾಧಾನವಾಗಿಕೊಂಡು ಚೆನ್ನಾಗಿದ್ದೇವೆ. ಹೊಸ ವರ್ಷಕ್ಕೆ ನೀನು ಕಳಿಸಿದ ಕಾರ್ಡಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ವರ್ಕ್‌ಶಾಪಿಗೆ ಬಸ್ಸುಗಳ ಸೀಟ್ ಕವರ್ ಹೊಲಿಯುವ ದೊಡ್ಡ ಆರ್ಡರು ಬಂದು, ದಿನವಿಡೀ ರೆಕ್ಸಿನ್ ಎಳೆದ ಕೈಗೆ ಪೆನ್ನು ಹಿಡಿಯುವ ಮನಸ್ಸಾಗುತ್ತಿರಲಿಲ್ಲ. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಫೋನಿನಲ್ಲಿ ಬೈದರೆ “ಅಕ್ಕಾ, ಸರಿಯಾಗಿ ಕೇಳಿಸ್ತಿಲ್ಲ” ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಅವರ ಹಳೆಯ ಜೋಕೂ ಹಾಗೇ ಇದೆ. ಮನೆಗೆ ಯಾರೇ ಬರಲಿ, “ಬೇರೆಯವರ ಗಿಟಾರಿಗೆ ಆರು ತಂತಿ, ನಮ್ಮ ಹುಡುಗನದಕ್ಕೆ ನಾಲ್ಕೇ. ಅಂಗಡಿಯವನು ಟೋಪಿ ಹಾಕಿದ್ದಾನೆ” ಎಂದು ಹೇಳಿ ತಾವೇ ನಗುತ್ತಾರೆ.

ಹೋದ ತಿಂಗಳು ನಿಮ್ಮ ಬ್ಯಾಂಡಿನ ಕಾರ್ಯಕ್ರಮ ಟಿವಿಯಲ್ಲಿ ನೇರವಾಗಿ ಬಂತಲ್ಲ, ಅವತ್ತು ವರ್ಕ್‌ಶಾಪಿನ ಹೆಂಗಸರನ್ನೆಲ್ಲ ಮನೆಗೆ ಕರೆದಿದ್ದೆ. ಕ್ಯಾಮೆರಾದವನಿಗೆ ಹಾಡುವವನ ಹಲ್ಲಿನ ಮೇಲೇ ಪ್ರೀತಿ. ನೀನೇನಿದ್ದರೂ ಅವನ ಹೆಗಲ ಹಿಂದೆ ಕಾಣುವ ಒಂದು ಮೊಣಕೈ. ಇಷ್ಟು ವರ್ಷ ನಾನು ಆ ಮೊಣಕೈಯನ್ನೇ ತೋರಿಸಿ “ಇವನೇ ನನ್ನ ತಮ್ಮ” ಎನ್ನುತ್ತ ಬಂದವಳು. ಅವತ್ತೂ ಮೊಣಕೈ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಭಾವ ಎಲ್ಲರಿಗಿಂತ ಜೋರಾಗಿ. ನಾನೂ ತಟ್ಟಿದೆ. ಆದರೆ ಅದು ನೀನಲ್ಲ.

ಲೀಡ್ ಗಿಟಾರಿನವನು ಈಚೆ, ನೀನು ಆಚೆ ನಿಂತರೆ ಎರಡೂ ಗಿಟಾರಿನ ಕುತ್ತಿಗೆ ಹಾಡುವವನ ಕಡೆಗೇ ಚಾಚಿರುತ್ತಿದ್ದವು, ನೀನು ಎಡಗೈಯವನಾದ್ದರಿಂದ. ಅವತ್ತು ಎರಡೂ ಒಂದೇ ಕಡೆಗೆ ಚಾಚಿದ್ದವು. ನಿನ್ನ ಜಾಗದಲ್ಲಿ ಯಾರೋ ಬಲಗೈಯವನು ನಿಂತಿದ್ದ. ನಿನ್ನನ್ನು ಎತ್ತಿ ಬೆಳೆಸಿದವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇನೋ?

ಮರುದಿನ ನಿನ್ನ ಫೋನು. “ನೋಡಿದ್ಯಾ ಅಕ್ಕಾ? ಆ ಲೈಟಿನ ಬಿಸಿಗೆ ಬೆವರು ಸುರೀತಿತ್ತು ಕಣಕ್ಕಾ. ಕೊನೇ ಹಾಡಿಗೆ ಜನ ಬಿಡ್ತಾನೇ ಇರ್ಲಿಲ್ಲ.” ನಾನು “ಚೆನ್ನಾಗಿತ್ತು ಕಣೋ” ಎಂದೆ. ಫೋನಿಟ್ಟ ಮೇಲೆ ಮಷೀನಿನ ಮುಂದೆ ಕೂತು ಅತ್ತೆ. ಭಾವನಿಗೆ ಕಣ್ಣಲ್ಲಿ ದಾರದ ಧೂಳು ಬಿತ್ತು ಎಂದೆ.

ಆಮೇಲೆ ತಡೆಯಲಾರದೆ ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. “ಅವರೇ ಬಿಟ್ರು ಮೇಡಂ, ಹೋದ ಬೇಸಿಗೇಲೇ. ಯಾಕೆ ಅಂತ ಬಾಯೇ ಬಿಡ್ಲಿಲ್ಲ. ನಾವೂ ಎಷ್ಟೋ ಕೇಳಿಕೊಂಡ್ವಿ” ಎಂದ ಆ ಪುಣ್ಯಾತ್ಮ. ಇನ್ನೇನಿರುತ್ತೆ, ಯಾರ ಜೊತೆಗೋ ಕಿತ್ತಾಡಿಕೊಂಡು ಬಂದಿದ್ದೀಯ. ನಿನ್ನ ಸಿಟ್ಟು ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ. ಎಡಗೈಯಲ್ಲಿ ಬರೆಯಬೇಡ ಎಂದ ಮೇಷ್ಟರ ಮೇಲೆ ಸ್ಲೇಟು ಎಸೆದು ಬಂದವನು ನೀನು. ಅಮ್ಮ ಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ. ನಾನೇ ಶಾಲೆಗೆ ಹೋಗಿ ಅವರ ಕೈಕಾಲು ಹಿಡಿದಿದ್ದೆ.

ಗೆಳೆಯನ ಗಿಟಾರನ್ನು ತಲೆಕೆಳಗು ಮಾಡಿ ನುಡಿಸುತ್ತಿದ್ದವನಿಗೆ ಎಡಗೈ ಬೇಸ್ ಬೇಕು ಎಂದಾಗ, ರೈಲ್ವೆ ಗೇಟಿನ ಹತ್ತಿರದ ವಾದ್ಯದಂಗಡಿಯವರು ತಲೆ ಚಚ್ಚಿಕೊಂಡಿದ್ದರು. “ನನ್ನ ಅಂಗಡೀಲಿ ಇದೇ ಮೊದಲು, ಇದೇ ಕೊನೆ. ವಾಪಸ್ ತಂದ್ರೆ ಇದನ್ನ ಯಾರಿಗಪ್ಪಾ ಮಾರ್ಲಿ?” ಆಮೇಲೆ ನೀನು ಹೋಟೆಲುಗಳಲ್ಲಿ ಊಟ ಮಾಡುವವರ ಬೆನ್ನಿಗೆ ನುಡಿಸಿದೆ. ಆಂಪ್ಲಿಫೈಯರ್ ಡಬ್ಬದ ಮೇಲೆ ತಲೆಯಿಟ್ಟು ವ್ಯಾನಿನಲ್ಲಿ ಮಲಗಿದೆ. ಕೊನೆಗೆ ಈ ಬ್ಯಾಂಡು ಸಿಕ್ಕಿ, ನಾಲ್ಕು ಆಲ್ಬಮ್ಮಿನ ಹಿಂದೆ ಸಣ್ಣಕ್ಷರದಲ್ಲಿ ನಿನ್ನ ಹೆಸರು ಬಂತು. ನಿಜ ಹೇಳಬೇಕೆಂದರೆ ನನಗೆ ಬಹಳ ವರ್ಷ ನೀನು ನುಡಿಸುವುದು ಕೇಳಿಸುತ್ತಲೇ ಇರಲಿಲ್ಲ. ಒಮ್ಮೆ ನೀವು ಪ್ರಾಕ್ಟೀಸ್ ಮಾಡುವ ಗ್ಯಾರೇಜಿಗೆ ಬಂದಿದ್ದಾಗ, ಹಾಡಿನ ಮಧ್ಯೆ ನೀನು ತಂತಿ ಬಿಗಿ ಮಾಡಲು ನಿಲ್ಲಿಸಿದೆ. ಸೀಟಿನೊಳಗಿನ ಫೋಮ್ ತೆಗೆದು ಬರೀ ಕವರ್ ಹೊದಿಸಿದ ಹಾಗಾಯಿತು ಹಾಡು. ಓಹೋ, ಇಷ್ಟು ದಿನ ನಾವೆಲ್ಲ ಕೂತಿದ್ದದ್ದು ಇವನ ಮೇಲೆ ಎಂದು ಅವತ್ತು ತಿಳಿಯಿತು.

ಬ್ಯಾಂಡು ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಬಿಟ್ಟು ಇಷ್ಟು ತಿಂಗಳಾದರೂ ಪ್ರತಿ ಭಾನುವಾರ ಇಲ್ಲದ ಸ್ಟೇಜು, ಇಲ್ಲದ ಜನ, ಇಲ್ಲದ ಬೆವರನ್ನು ಕಟ್ಟಿ ಹೇಳಿದೆಯಲ್ಲ, ಅದಕ್ಕೆ. ನಾನು ನಿನ್ನ ಅಕ್ಕನೋ, ಟಿಕೆಟ್ ತೆಗೆದುಕೊಂಡು ಬಂದವಳೋ? ಸುಳ್ಳು ಹೇಳಿ ನನ್ನನ್ನು ಖುಷಿಯಾಗಿಡಬೇಕಾದಷ್ಟು ದೂರದವಳು ಯಾವಾಗ ಆದೆ?

ಆಯಿತು, ಬೈದು ಮುಗಿಯಿತು. ಬಂದುಬಿಡು. ಇಲ್ಲಿ ಹಿಂದಿನ ರೂಮು ಖಾಲಿ ಇದೆ. ಕೈಯಲ್ಲಿ ವಿದ್ಯೆ ಇರುವವನು ಉಪವಾಸ ಬೀಳುವುದಿಲ್ಲ. ನಾಳೆ ಸಂಜೆ ವಾದ್ಯದಂಗಡಿಯವರನ್ನು ಕಂಡು, ಯಾವ ಬ್ಯಾಂಡಿಗಾದರೂ ಬೇಸ್ ನುಡಿಸುವವರು ಬೇಕೇ ಎಂದು ಕೇಳಿ ಬರುತ್ತೇನೆ. ಅವರಿಗೆ ಊರಿನ ಎಲ್ಲ ಬ್ಯಾಂಡುಗಳ ಜಾತಕ ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನೂ ಆಶೀರ್ವಾದ ಹೇಳಿದ್ದಾರೆ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಮಗೂ.

ನಿನ್ನ
ಅಕ್ಕ

ತಾ.ಕ.: ಇವತ್ತು ಮಂಗಳವಾರ. ಅಂಟಿಸಿದ್ದ ಕವರನ್ನು ಒಡೆದು ಮತ್ತೆ ಬರೆಯುತ್ತಿದ್ದೇನೆ.

ನಿನ್ನೆ ಅಂಗಡಿಗೆ ಹೋದೆ. ಗೋಡೆಯ ಮೇಲೆ ನಿನ್ನ ಬೇಸ್ ನೇತಾಡುತ್ತಿತ್ತು. ಸೀಟ್ ಬೆಲ್ಟಿನ ಪಟ್ಟಿಯಲ್ಲಿ ನಾನು ಹೊಲಿದು ಕೊಟ್ಟಿದ್ದ ಹೆಗಲಪಟ್ಟಿಯೂ ಅದರಲ್ಲೇ ಇತ್ತು. ನನಗೆ ಮೈಯೆಲ್ಲ ಉರಿಯಿತು. ಗಿಟಾರು ಮಾರಿದರೆ ಮಾರಲಿ, ಅಕ್ಕ ಹೊಲಿದದ್ದನ್ನೂ ಬೇಡವೆಂದು ಎಸೆದು ಹೋದನಲ್ಲ ಎಂದು ಅಂಗಡಿಯವರ ಎದುರೇ ಕೂಗಾಡಿದೆ.

ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು: “ಹಂಗನ್ಬೇಡಿ ತಾಯಿ. ನಿಮ್ಮ ತಮ್ಮ ಪಟ್ಟಿ ಬಿಚ್ಕೊಳ್ಳೋಕೆ ತುಂಬಾ ಹೊತ್ತು ಒದ್ದಾಡಿದ್ರು. ಎಡಗೈ ಬೆರಳು ಮಡಚೋಕೇ ಆಗ್ತಿರ್ಲಿಲ್ಲ. ನರ ಹೋಗಿದೆ, ಇನ್ನು ಸರಿ ಹೋಗಲ್ಲ ಅಂದ್ರಂತೆ ಡಾಕ್ಟ್ರು. ನಾನು ಬಿಚ್ಚಿ ಕೊಡ್ತೀನಿ ಅಂದೆ. ಬೇಡ, ಇದೊಂದನ್ನ ನಾನೇ ಬಿಚ್ತೀನಿ ಅಂದ್ರು. ಆಗ್ಲಿಲ್ಲ. ಹಾಗೇ ಬಿಟ್ಟು ಎದ್ದು ಹೋದ್ರು.”

ನೀನು ಕುಣಿಯುವಾಗ ಗಿಟಾರು ಜಾರಿ ಬೀಳಬಾರದೆಂದು, ಆ ಪಟ್ಟಿಯ ತುದಿಯಲ್ಲಿ ಗಿಟಾರಿನ ಗುಬುಟಿಗೆ ಸಿಕ್ಕಿಸುವ ಚರ್ಮದ ತೂತುಗಳನ್ನು ನಾನೇ ಬಹಳ ಬಿಗಿಯಾಗಿ ಕತ್ತರಿಸಿದ್ದೆ ಕಣೋ.

ಅಂಗಡಿಯಿಂದ ನಮ್ಮ ಮನೆಗೆ ನಡೆದು ಬರುವಷ್ಟೇ ದೂರ. ಆ ಕೈ ಹೊತ್ತುಕೊಂಡು ಇಲ್ಲಿಯತನಕ ಬಂದು, ಬಾಗಿಲು ತಟ್ಟದೆ ಹೋದೆ.

ಮೇಲೆ ಬೈದದ್ದನ್ನೆಲ್ಲ ಓದಬೇಡ. ಓದಿದ್ದರೆ ಮರೆತುಬಿಡು. ಭಾನುವಾರ ಫೋನ್ ಮಾಡಿದಾಗ ಸ್ಟೇಜಿನ ಸುದ್ದಿ ಬೇಡ. ಊಟ ಯಾವ ಕೈಯಲ್ಲಿ ಮಾಡುತ್ತಿದ್ದೀಯ, ಅದನ್ನು ಹೇಳು. ಬೆಳಿಗ್ಗೆ ಎದ್ದರೆ ನಿನ್ನ ಅಂಗಿಯ ಗುಂಡಿ ಯಾರು ಹಾಕುತ್ತಿದ್ದಾರೆ, ಅದನ್ನು ಹೇಳು.